ನೀರು ಕುಡಿದ ಹಲಗೆ

"ಇದನ್ನ ಮುಟ್ಟಿ ನೋಡಿ ಸಾರ್," ಎಂದು ಬಡಗಿ ಬಕೆಟ್ಟಿನೊಳಗೆ ಕೈ ಹಾಕಿ ಒಂದು ಮರದ ತುಂಡನ್ನು ಎತ್ತಿ ಕೊಟ್ಟ.

ನಿಧಾನಿ ಮುಟ್ಟಿ ನೋಡಿದ. ತುಂಡು ಪದರ ಪದರವಾಗಿ ಬಿಟ್ಟುಕೊಂಡಿತ್ತು. ಹೆಬ್ಬೆರಳು ಒತ್ತಿದ ಕಡೆ ನೀರು ಜಿನುಗಿತು.

"ಮಾಮೂಲಿ ಪ್ಲೈವುಡ್ಡು. ಒಂದು ವಾರವೂ ತಡೀಲಿಲ್ಲ. ಟೆಲಿಫೋನ್ ಮೇಡಂ ಇದನ್ನ ಕಾಗದದಲ್ಲಿ ಸುತ್ಕೊಂಡು ಬಂದು, ನಿಮ್ಮ ಮರಕ್ಕೆ ಜಲೋದರ ಆಗಿದೆ ಕಣ್ರೀ ಅಂದ್ರು."

ಹೇಳಿ ಬಡಗಿ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಮೇಡಂ ಮೊನ್ನೆ ತಮ್ಮ ಮನೆಯ ಬಚ್ಚಲಲ್ಲಿ ಬಿದ್ದು ಸತ್ತಿದ್ದರು. ಕಾಲು ಜಾರಿ ತಲೆಗೆ ಪೆಟ್ಟು ಎಂದು ಠಾಣೆಯವರು ನಂಬಿ ಕೈತೊಳೆದುಕೊಳ್ಳಲು ಹೊರಟಿದ್ದರು. ನಂಬದೆ ಉಳಿದವನು ಈ ಬಡಗಿ ಒಬ್ಬನೇ. ಅವನೇ ಬಂದು ನಿಧಾನಿಯ ಮನೆ ಬಾಗಿಲು ತಟ್ಟಿದ್ದ.

ನಿಧಾನಿ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಬೇರೆಯವರು ಒಂದು ಗದರಿಕೆಯಲ್ಲಿ ಮುಗಿಸುವ ವಿಚಾರಣೆಗೆ ಇವನು ಇಡೀ ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದ, ಅದಕ್ಕೇ ಆ ಹೆಸರು. ಕೆಲಸ ಹೋದ ಮೇಲೂ ಹೆಸರು ಹೋಗಲಿಲ್ಲ. ಹೆಂಡತಿ ಮಾತ್ರ ಇವನ ನಿವೃತ್ತಿಗೂ ಕಾಯದೆ ಹೋಗಿಬಿಟ್ಟಿದ್ದಳು. ಈಗ ಯಾರಾದರೂ ಬಾಗಿಲು ತಟ್ಟಿದರೆ, ಅದು ಕೊಲೆಯ ವಿಷಯವೇ ಆಗಿದ್ದರೂ ಸರಿ, ಅವನಿಗೆ ಒಳಗೊಳಗೇ ಹಿತವೆನಿಸುತ್ತಿತ್ತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಬೆಳಿಗ್ಗೆ ಇನ್ಸ್‌ಪೆಕ್ಟರ್ ಹಳೆಯ ಸಲಿಗೆಯಲ್ಲಿ ಹೇಳಿದ್ದರು: "ಸಂಜೆ ಮೇಡಂ ತಮ್ಮ ಬಂದು ಸಹಿ ಹಾಕ್ತಾನೆ, ದೇಹ ಬಿಟ್ಟುಕೊಡ್ತೀನಿ. ಕೊಯ್ದು ನೋಡ್ಬೇಕು ಅನ್ನೋಕೆ ನನ್ನ ಹತ್ರ ಒಂದೂ ಕಾರಣ ಇಲ್ಲ. ನಿಮಗೆ ಸಿಕ್ಕಿದ್ರೆ ತನ್ನಿ. ಅಂತ್ಯಕ್ರಿಯೆ ಆದ್ಮೇಲೆ ನೀವೂ ನಾನೂ ಬೂದಿ ಕೆದಕಿ ಪ್ರಯೋಜನ ಇಲ್ಲ."

ಹಾಗಾಗಿ ಇವತ್ತೊಂದು ದಿನ ನಿಧಾನಿ ಬೇಗ ಮಾಡಬೇಕಿತ್ತು. ಅದು ಅವನಿಗೆ ಬರುವ ವಿದ್ಯೆಯಲ್ಲ.

"ಮೇಡಂ ಸಾಕಿದ ಒಂದು ಗಿಣಿ ಕೂರೋ ಸ್ಟ್ಯಾಂಡಿಗೆ ಇಷ್ಟೊಂದು ಪರೀಕ್ಷೆನಾ?" ಎಂದು ಕೇಳಿದ. ಬಡಗಿಯ ಮರಗೆಲಸದ ಶೆಡ್ಡಿನ ಹಿಂಬದಿಯಲ್ಲಿ ಬಕೆಟ್ಟುಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಒಂದೊಂದು ತುಂಡು ನೆನೆಯುತ್ತಿತ್ತು.

"ಅದು ದಿನಾ ಸ್ನಾನ ಮಾಡೋ ಗಿಣಿ ಸಾರ್. ಸ್ಟ್ಯಾಂಡಿನ ಬಟ್ಟಲಿಗೆ ನೀರು ಹಾಕಿದ್ರೆ ಸಾಕು, ರೆಕ್ಕೆ ಬಡಿದು ಮನೆಯೆಲ್ಲ ಒದ್ದೆ. ನಾನು ಮೊದಲು ತೇಗದಲ್ಲಿ ಮಾಡ್ಕೊಟ್ಟೆ. ಮರ ಗಟ್ಟಿಯಾಗೇ ಇತ್ತು. ಆದ್ರೆ ಕೀಲಿಗೆ ಹಾಕಿದ್ದು ಮಾಮೂಲಿ ಬಿಳಿ ಅಂಟು. ನೀರು ಕುಡಿದು ಬಿಟ್ಕೊಳ್ತು, ಅಡ್ಡಪಟ್ಟಿ ಗಿಣಿ ಸಮೇತ ಕೆಳಗೆ ಬಿತ್ತು. ರೆಕ್ಕೆಗೆ ಪೆಟ್ಟಾಯ್ತು. ತಪ್ಪು ನಂದೇ."

"ಬೈಯೋಕೆ ಬಂದ್ರಾ?"

"ಬೈದಿದ್ರೆ ಅವತ್ತೇ ಮುಗೀತಿತ್ತು. ಹಾಗಾದ್ರೆ ಇನ್ಯಾವುದರಲ್ಲಿ ಮಾಡ್ಬಹುದು ಅಂತ ಕೇಳಿದ್ರು. ಮುಂದಿನ ಭಾನುವಾರ ಬರ್ತೀನಿ ಅಂದ್ರು."

ಆಮೇಲೆ ಭಾನುವಾರಗಳು ಸಾಲುಗಟ್ಟಿದವು. ಕಬ್ಬಿಣ ನೋಡಿದರು, ತುಕ್ಕು ಹಿಡಿಯುತ್ತದೆ ಎಂದು ಬಿಟ್ಟರು. ಸತುವಿನ ಲೇಪ ಹಾಕಿದ ಕಬ್ಬಿಣ ನೋಡಿದರು, ಗಿಣಿ ಅದನ್ನು ಕಚ್ಚಿದರೆ ವಿಷ ಎಂದು ಬಿಟ್ಟರು. ವಾರ್ನಿಷ್ ಹಾಕಿದ ಮರಕ್ಕೂ ಅದೇ ಗತಿ. ಪ್ಲಾಸ್ಟಿಕ್ ಪೈಪಿಗೆ ನೀರಿನ ಭಯವಿಲ್ಲ, ಆದರೆ ಹಗುರ. ಗಿಣಿ ರೆಕ್ಕೆ ಬಡಿದರೆ ಸ್ಟ್ಯಾಂಡೇ ಹೊರಟು ನಡೆಯುತ್ತಿತ್ತು.

"ಕೊನೆಗೆ?"

"ಸ್ಟೀಲಿನ ಕಂಬ. ಬುಡಕ್ಕೆ ದುಂಡಗೆ ಕತ್ತರಿಸಿದ ಗ್ರಾನೈಟ್ ಕಲ್ಲು. ಕೂರೋಕೆ ಮಾತ್ರ ಸೀಬೆ ಕೊಂಬೆ. ಸ್ಟೀಲಿನ ಮೇಲೇ ಕೂತ್ರೆ ಅದರ ಕಾಲು ಹುಣ್ಣಾಗುತ್ತೆ. ಕೊಂಬೆ ಹಾಳಾದ್ರೆ ಸ್ಕ್ರೂ ಬಿಚ್ಚಿ ಬೇರೆ ಹಾಕೋದು. ಅಂಟು ಅನ್ನೋದೇ ಇಲ್ಲ."

"ಇದು ನಿಮಗೆ ಹೊಳೆದಿದ್ದು ಯಾವಾಗ?"

ಬಡಗಿ ಉಳಿಯ ಹಿಡಿಯನ್ನು ಅಂಗಿಯ ಅಂಚಿನಿಂದ ಒರೆಸಿದ. ಅದು ಮೊದಲೇ ಚೊಕ್ಕಟವಾಗಿತ್ತು.

"ಎರಡನೇ ಭಾನುವಾರವೇ."

"ಮತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ಮುಗೀತಿತ್ತಲ್ಲ ಸಾರ್." ಉಳಿಯನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದ: "ಅವರಿಗೂ ಗೊತ್ತಿತ್ತು ಅನ್ಸುತ್ತೆ. ಒಂದು ಸಲ ಗ್ರಾನೈಟ್ ಅಂಗಡಿ ಮುಂದೆ ಇಬ್ಬರೂ ನಿಂತ್ವಿ. ಅವರು ಕಲ್ಲು ನೋಡಿದ್ರು, ನನ್ನ ಮುಖ ನೋಡಿದ್ರು. ಆಮೇಲೆ, ಮುಂದಿನ ವಾರ ಬಿದಿರು ನೋಡೋಣ್ವಾ ಅಂದ್ರು."

ನಿಧಾನಿಗೆ ಹೊಟ್ಟೆಕಿಚ್ಚಾಯಿತು. ಸತ್ತವರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ತನ್ನನ್ನೇ ಬೈದುಕೊಂಡ. ಆದರೆ ಬೇಕೆಂದೇ ನಿಧಾನ ಮಾಡಲು ತನಗೊಬ್ಬರು ಜೊತೆ ಸಿಗಲಿಲ್ಲವಲ್ಲ ಎಂಬ ಸಂಕಟ ಸುಳ್ಳಲ್ಲ.

"ಗಿಣಿ ಕಾಲಿಗೇ ಇಷ್ಟು ಯೋಚನೆ ಮಾಡ್ದೋರು ತಮ್ಮ ಬಚ್ಚಲಿಗೆ ಏನು ಮಾಡಿರ್ತಾರೆ ನೀವೇ ಹೇಳಿ. ನೆಲಕ್ಕೆಲ್ಲ ರಬ್ಬರ್ ಚಾಪೆ ಹಾಸಿದ್ರು. ಅಲ್ಲಿ ಜಾರ್ತೀನಿ ಅಂದ್ರೂ ಜಾರೋಕಾಗಲ್ಲ," ಎಂದ ಬಡಗಿ.

ಆ ಕಲ್ಲಿನ ಸ್ಟ್ಯಾಂಡು ಈಗ ಎಲ್ಲಿದೆ ಎಂದು ನಿಧಾನಿ ಕೇಳಲಿಲ್ಲ. ಮನೆಯಲ್ಲೇ ಇರುತ್ತದಲ್ಲ ಎಂದುಕೊಂಡ. ಬಡಗಿಯೂ ಹೇಳಲಿಲ್ಲ.

ಮೇಡಂ ಬಾಡಿಗೆಗಿದ್ದದ್ದು ಮೂರು ಬೀದಿ ಆಚೆ, ಮೊದಲ ಮಹಡಿಯಲ್ಲಿ. ಮನೆಯೊಡತಿ ಕೆಳಗೇ ಇದ್ದಳು. ಬೀಗದ ಕೈ ತಂದು ಮುಂದೆ ಮುಂದೆ ಮೆಟ್ಟಿಲು ಹತ್ತಿದಳು.

"ನಾನು ಯಾರ ಮನೆ ವಿಷಯಕ್ಕೂ ತಲೆ ಹಾಕೋಳಲ್ಲ," ಎಂದು ಶುರು ಮಾಡಿ, ಮೆಟ್ಟಿಲು ಮುಗಿಯುವಷ್ಟರಲ್ಲಿ ಮೇಡಂ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಏನು ತಿನ್ನುತ್ತಿದ್ದರು, ಯಾವ ಬಟ್ಟೆ ಯಾವತ್ತು ಒಗೆಯುತ್ತಿದ್ದರು ಎಲ್ಲ ಹೇಳಿಬಿಟ್ಟಳು. "ಒಬ್ಬನೇ ತಮ್ಮ. ಊರಾಚೆ ಕನ್ನಡಕದ ಅಂಗಡಿ. ಈ ಕಡೆ ತಲೆ ಹಾಕಿ ವರ್ಷದ ಮೇಲಾಯ್ತು. ಮೊನ್ನೆ ಇಡೀ ದಿನ ನಾನು ಇಲ್ಲೇ ಬಾಗಿಲಲ್ಲೇ ಇದ್ದೆ. ಒಂದು ನರಪಿಳ್ಳೆ ಮೇಲೆ ಹತ್ತಲಿಲ್ಲ. ನಿನ್ನೆ ಬೆಳಿಗ್ಗೆ ಹಾಲು ಹಾಗೇ ಇತ್ತಲ್ಲ ಅಂತ ಬಾಗಿಲು ತಳ್ಳಿ ನೋಡಿದ್ರೆ ಹೀಗೆ."

"ಗಿಣಿ ಏನಾದ್ರೂ ಹೇಳ್ತಾ?" ಎಂದು ನಿಧಾನಿ ಕೇಳಿದ. ದಾರಿಯುದ್ದಕ್ಕೂ ಜನ ಅವನನ್ನು ಕೇಳಿದ್ದ ಪ್ರಶ್ನೆ ಅದು.

"ಅದಕ್ಕೆಲ್ಲಿ ಮಾತು ಬರುತ್ತೆ. ಬರೋದು ಒಂದೇ ಸದ್ದು."

ಒಳಗೆ ಹೆಜ್ಜೆ ಇಡುತ್ತಲೇ ಫೋನು ರಿಂಗಾಯಿತು. ನಿಧಾನಿ ಅಭ್ಯಾಸಬಲದಿಂದ ಮೇಜಿನ ಮೇಲಿನ ಹಳೇ ಕಪ್ಪು ಫೋನಿನತ್ತ ಕೈ ಚಾಚಿದ. ಅದರ ತಂತಿಯನ್ನು ಗೋಡೆಗೆ ಸಿಕ್ಕಿಸಿಯೇ ಇರಲಿಲ್ಲ. ರಿಂಗಾಗುತ್ತಿದ್ದದ್ದು ಕುರ್ಚಿಯ ಬೆನ್ನಿನ ಮೇಲೆ ಕೂತಿದ್ದ ಗಿಣಿ.

ಮೇಡಂ ಅದಕ್ಕೆ ಟ್ರಂಕ್‌ಕಾಲ್ ಎಂದು ಹೆಸರಿಟ್ಟಿದ್ದರಂತೆ. ಜೀವಮಾನವಿಡೀ ಯಾರ್ಯಾರದೋ ಮಾತನ್ನು ಇನ್ಯಾರಿಗೋ ಜೋಡಿಸಿದವರ ಮನೆಗೆ ಬರುತ್ತಿದ್ದ ಕರೆಗಳೆಲ್ಲ ಇದೇ ಇದ್ದಿರಬೇಕು. ನಿಧಾನಿಗೆ ತನ್ನ ಮನೆಯ ಗೋಡೆಗಳು ನೆನಪಾದವು. ಅಲ್ಲಿ ಅಷ್ಟೂ ಸದ್ದಿಲ್ಲ.

ಒಡತಿಯನ್ನು ಕೆಳಗೆ ಕಳಿಸಿ ಅವನು ಕೋಣೆಯನ್ನು ನೋಡುತ್ತ ನಿಂತ. ಕುರ್ಚಿಗಳು ಎರಡು. ಒಂದರ ದಿಂಬು ನಡುವೆ ತಗ್ಗಾಗಿತ್ತು, ಇನ್ನೊಂದರದು ಅಂಗಡಿಯಿಂದ ತಂದಂತೆಯೇ ಉಬ್ಬಿತ್ತು. ಗೋಡೆಯ ಮೂಲೆಯಲ್ಲಿ ಗಿಣಿಯ ಸ್ಟ್ಯಾಂಡು.

ಅದು ಸ್ಟೀಲಿನದೂ ಅಲ್ಲ, ಕಲ್ಲಿನದೂ ಅಲ್ಲ.

ಮರದ ಹಾಗೆ ಕಾಣುವ, ಹೊಳೆಹೊಳೆಯುವ, ಚೌಕ ಬುಡದ ಸ್ಟ್ಯಾಂಡು. ನಿಧಾನಿ ಮೊಣಕಾಲೂರಿ ಕೂತು ಅದನ್ನು ಸ್ವಲ್ಪ ಸರಿಸಿದ. ಅದರಡಿ ನೆಲದ ಮೇಲೆ ದುಂಡನೆಯ ಬಿಳಿಚು ಗುರುತೊಂದಿತ್ತು. ಪಕ್ಕದ ಗೋಡೆಗೆ ಮೊಣಕಾಲೆತ್ತರದವರೆಗೂ ನೀರು ಸಿಡಿದು ಒಣಗಿದ ಬಿಳಿ ಚುಕ್ಕೆಗಳು. ಸ್ಟ್ಯಾಂಡಿನ ಮೇಲೆ ಮಾತ್ರ ಒಂದು ಚುಕ್ಕೆಯೂ ಇಲ್ಲ.

ಬುಡವನ್ನು ಉಗುರಿನಿಂದ ಕೆರೆದ. ಮೇಲೆ ಮರದ ಚಿತ್ರವಿದ್ದ ಹಾಳೆ, ಒಳಗೆ ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಹಲಗೆ. ಬೆಳಗಿನಿಂದ ಬಕೆಟ್ಟುಗಳ ಮುಂದೆ ಪಾಠ ಕೇಳಿಸಿಕೊಂಡಿದ್ದವನಿಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಮೇಡಂ ಇಂಥದ್ದನ್ನು ಹೊಸಿಲು ದಾಟಿಸುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಹೊಸಿಲು ದಾಟಿ ತಮ್ಮ ಬಂದ. ಐವತ್ತರ ಆಸುಪಾಸು, ತನ್ನದೇ ಅಂಗಡಿಯ ದಪ್ಪ ಚೌಕಟ್ಟಿನ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಅಕ್ಕನಿಗೆ ಕೊನೆಯದಾಗಿ ಉಡಿಸಲು ಬಟ್ಟೆ ತೆಗೆದುಕೊಂಡು ಹೋಗಲು ಬಂದೆ ಎಂದ.

"ಕೂತ್ಕೊಳ್ಳಿ," ಎಂದ ನಿಧಾನಿ.

"ಠಾಣೆಗೆ ಹೋಗ್ಬೇಕು. ಸಹಿ ಒಂದು ಬಾಕಿ."

"ಒಟ್ಟಿಗೇ ಹೋಗೋಣ. ಸ್ವಲ್ಪ ಕೂತ್ಕೊಳ್ಳಿ."

ತಮ್ಮ ಉಬ್ಬಿದ ದಿಂಬಿನ ಕುರ್ಚಿಯಲ್ಲಿ ಕೂತ. ಬಹುಶಃ ಅದರಲ್ಲಿ ಯಾರಾದರೂ ಕೂತದ್ದು ಅದೇ ಮೊದಲು.

"ಅಕ್ಕನ್ನ ನೋಡೋಕೆ ಬರ್ತಿದ್ರಾ?"

"ಬರದೆ ಏನು? ವಾರಕ್ಕೊಮ್ಮೆ."

"ಈ ಸ್ಟ್ಯಾಂಡು ಚೆನ್ನಾಗಿದೆ."

"ನಾನೇ ಕೊಡ್ಸಿದ್ದು. ಎರಡು ಮೂರು ವರ್ಷ ಆಯ್ತು."

"ಗಿಣಿ ಸ್ನಾನ ಮಾಡೋದು ಇದರ ಮೇಲೇನಾ?"

ತಮ್ಮ ಗಿಣಿಯ ಕಡೆ ನೋಡಿದ. ಗಿಣಿ ಅವನಿಗೆ ಬೆನ್ನು ತಿರುಗಿಸಿತು.

"ಹೂಂ. ಇದರ ಮೇಲೇ."

ನಿಧಾನಿ ಎದ್ದು ಅಡುಗೆಮನೆಗೆ ಹೋಗಿ ಚೊಂಬಿನಲ್ಲಿ ನೀರು ತಂದ. ತಮ್ಮ ಕುಡಿಯಲು ಎಂದುಕೊಂಡು ಕೈ ಚಾಚಿದ. ನಿಧಾನಿ ಅವನನ್ನು ದಾಟಿ ಹೋಗಿ ನೀರನ್ನೆಲ್ಲ ಸ್ಟ್ಯಾಂಡಿನ ಬುಡದ ಮೇಲೆ ಸುರಿದ. ಆಮೇಲೆ ಎದುರಿನ ಕುರ್ಚಿಯಲ್ಲಿ ಬಂದು ಕೂತ.

"ಏನ್ರೀ ಇದು?"

"ಏನಿಲ್ಲ. ನೀರು."

ಇಬ್ಬರೂ ಕೂತರು. ಹೊರಗೆ ಯಾರೋ ಸೈಕಲ್ಲಿನ ಬೆಲ್ ಹೊಡೆಯುತ್ತ ಹೋದರು. ತಮ್ಮ ಗಡಿಯಾರ ನೋಡಿಕೊಂಡ, ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ನಿಧಾನಿ ಅವನ ಅಂಗಡಿಯ ವಿಷಯ ಕೇಳಿದ, ಮಕ್ಕಳ ವಿಷಯ ಕೇಳಿದ. ದೂರದ್ದನ್ನು ನೋಡುವ ಕನ್ನಡಕಕ್ಕೂ ಹತ್ತಿರದ್ದಕ್ಕೂ ಏನು ವ್ಯತ್ಯಾಸ ಎಂದು ವಿವರವಾಗಿ ಹೇಳಿಸಿಕೊಂಡ. ಠಾಣೆಯಲ್ಲಿ ಎಲ್ಲರೂ ಆಡಿಕೊಂಡು ನಕ್ಕಿದ್ದು ಅವನ ಈ ಗುಣವನ್ನೇ. ನಗುತ್ತಿದ್ದವರಿಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

"ನನಗೆ ಹೊತ್ತಾಗ್ತಿದೆ," ಎಂದ ತಮ್ಮ.

"ಇನ್ನೇನು, ಆಯ್ತು. ಬುಡ ನೋಡಿ."

ಹಲಗೆಯ ಅಂಚು ಊದಿಕೊಂಡಿತ್ತು. ಮೂಲೆಯಲ್ಲಿ ಮರದ ಚಿತ್ರದ ಹಾಳೆ ಸೀಳಿ, ಒಳಗಿನ ಹೊಟ್ಟು ಒದ್ದೆಯಾಗಿ ಹೊರಗೆ ಉಬ್ಬಿತ್ತು. ಜಲೋದರ ಎಂದಿದ್ದು ಸರಿಯಾಗೇ ಇದೆ ಎಂದುಕೊಂಡ ನಿಧಾನಿ.

"ನಾವಿಬ್ಬರು ಕೂತು ಮಾತಾಡೋಷ್ಟರಲ್ಲಿ ಈ ಗತಿ. ಮೂರು ವರ್ಷ ಗಿಣಿ ಇದರ ಮೇಲೆ ಸ್ನಾನ ಮಾಡಿದ್ರೆ ಇಷ್ಟು ಹೊತ್ತಿಗೆ ಗುಡಿಸಿ ಎಸೀಬೇಕಿತ್ತು. ಇದು ಮೊನ್ನೆಯೋ ನಿನ್ನೆಯೋ ಬಂದಿದ್ದು. ತಂದೋರು ನೀವು, ಅದನ್ನ ನೀವೇ ಹೇಳಿದ್ರಿ. ಯಾವಾಗ ತಂದ್ರಿ ಅನ್ನೋದಷ್ಟೇ ಸುಳ್ಳು."

ತಮ್ಮ ಊದಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕನ್ನಡಕವಿಲ್ಲದ ಅವನ ಮುಖ ಗೋಡೆಯ ಮೇಲಿದ್ದ ಅಕ್ಕನ ಭಾವಚಿತ್ರದಂತೆಯೇ ಇತ್ತು.

"ಮೊನ್ನೆ ಮಧ್ಯಾಹ್ನ ಒಂದು ಫೋನ್ ಬಂತು," ಎಂದ. "ಗೊತ್ತಿಲ್ಲದ ನಂಬರು. ಗಂಡಸಿನ ದನಿ. ನಿಮ್ಮ ಅಕ್ಕನ ಗಿಣಿಗೆ ಕೂರೋಕೆ ಸ್ಟ್ಯಾಂಡಿಲ್ಲ, ಒಂದು ತಗೊಂಡು ಬನ್ನಿ ಅಂತ ಹೇಳಿ ಇಟ್ಟುಬಿಟ್ರು."

"ನೀವು ತಂದ್ರಿ."

"ನನಗೇನು ಗೊತ್ತು ಸಾರ್ ಗಿಣಿ ವಿಷಯ? ಅಂಗಡೀಲಿ ನೋಡೋಕೆ ಚೆನ್ನಾಗಿತ್ತು, ತಂದೆ. ಅಮ್ಮ ಹೋದ ದಿನ ಅಕ್ಕ ಮಾಡಿದ ಫೋನು ನಾನು ಎತ್ತಿರಲಿಲ್ಲ. ಆಮೇಲೆ ಅವಳ ನಂಬರು ಕಂಡ್ರೇ ಎತ್ತೋಕೆ ಧೈರ್ಯ ಬರ್ತಿರಲಿಲ್ಲ. ವಾರಕ್ಕೊಮ್ಮೆ ಬರ್ತಿದ್ದೆ ಅಂದಿದ್ದೂ ಸುಳ್ಳೇ. ಇದೊಂದು ನೆವ ಸಿಕ್ತಲ್ಲ ಅಂತ ಹೊರಟೆ."

"ಬಂದಾಗ?"

"ಕತ್ತಲಾಗ್ತಿತ್ತು. ಕೆಳಗೆ ಒಡತಿ ಮನೆ ಬಾಗಿಲು ಹಾಕಿತ್ತು. ಇಲ್ಲಿ ಬಾಗಿಲು ತೆರೆದೇ ಇತ್ತು. ಬಚ್ಚಲಲ್ಲಿ ಬಿದ್ದಿದ್ಲು. ಗಿಣಿ ಪಕ್ಕದಲ್ಲಿ ನೆಲದ ಮೇಲೆ ಕೂತು ಒಂದೇ ಸಮನೆ ರಿಂಗಾಗ್ತಿತ್ತು." ಅವನು ಬಚ್ಚಲಿನ ಬಾಗಿಲತ್ತ ನೋಡಿದ. "ನಾನು ಹೆದರಿಬಿಟ್ಟೆ. ವರ್ಷದಿಂದ ಮಾತಿಲ್ಲದ ತಮ್ಮ ಬಂದ ದಿನವೇ ಹೀಗಾದ್ರೆ ಯಾರು ನಂಬ್ತಾರೆ? ಗಿಣಿ ನೆಲದ ಮೇಲಿರೋದು ನೋಡೋಕಾಗಲಿಲ್ಲ. ಸ್ಟ್ಯಾಂಡ್ ಜೋಡಿಸಿ ಅದನ್ನ ಕೂರಿಸಿ ಹೊರಟುಬಿಟ್ಟೆ."

"ಅಕ್ಕನ್ನ ಅಲ್ಲೇ ಬಿಟ್ಟು."

"ಹೌದು."

ನಿಧಾನಿ ಬೈಯಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಇದಕ್ಕಿಂತ ದೊಡ್ಡ ಹೇಡಿಗಳನ್ನು ನೋಡಿದ್ದ. ಗಿಣಿಗಾಗಿ ನಿಂತವರನ್ನು ನೋಡಿರಲಿಲ್ಲ.

"ಆ ನಂಬರು ತೋರಿಸಿ."

ತಮ್ಮ ಮೊಬೈಲು ಕೊಟ್ಟ. ನಿಧಾನಿ ಆ ನಂಬರನ್ನು ತನ್ನ ಮೊಬೈಲಿನಲ್ಲಿ ಒತ್ತಿದ. ಒತ್ತಿ ಮುಗಿಯುವ ಮೊದಲೇ ಪರದೆಯ ಮೇಲೆ ಹೆಸರು ಮೂಡಿತು. ಬಡಗಿ.

ಮೇಡಂ ಮನೆಯಲ್ಲಿ ಸ್ಟ್ಯಾಂಡಿಲ್ಲ ಎಂದು ಬಡಗಿಗೆ ಮೊನ್ನೆ ಮಧ್ಯಾಹ್ನವೇ ಗೊತ್ತಿತ್ತು. ಬೆಳಿಗ್ಗೆ ಅಷ್ಟೆಲ್ಲ ಹೇಳಿದವನು ಅದೊಂದನ್ನು ನುಂಗಿದ್ದ. ಬಹಳ ಕಾಲದ ಮೇಲೆ ಒಬ್ಬರ ಜೊತೆ ಕೂತು ಮಾತಾಡಿದೆ ಎಂದು ನಿಧಾನಿ ಬೆಳಗಿನಿಂದ ಖುಷಿಯಲ್ಲಿದ್ದ. ಆ ಖುಷಿಯೂ ಇಷ್ಟೇ ಎಂದುಕೊಂಡು ಕರೆ ಮಾಡಿ ಫೋನಿನ ಸ್ಪೀಕರ್ ಹಾಕಿದ.

"ಕಲ್ಲಿನ ಸ್ಟ್ಯಾಂಡು ಎಲ್ಲಿದೆ?" ಎಂದು ಕೇಳಿದ, ಹಲೋ ಕೂಡ ಅನ್ನದೆ.

ಆ ಕಡೆ ಗರಗಸದ ಸದ್ದು ನಿಂತಿತು.

"ನನ್ನ ಹತ್ರ ಇದೆ ಸಾರ್."

"ತಮ್ಮನಿಗೆ ಫೋನ್ ಮಾಡಿದ್ದು ನೀವು."

"ಮೇಡಂ ಹೇಳಿದ್ದಕ್ಕೆ ಮಾಡ್ದೆ. ನನ್ನ ಪಕ್ಕದಲ್ಲೇ ನಿಂತಿದ್ರು. ಸ್ಟ್ಯಾಂಡು ಮನೆಯಿಂದ ತಗೊಂಡು ಹೋಗಿ ನಿಮ್ಮಲ್ಲಿಟ್ಕೊಳ್ಳಿ, ಗಿಣಿಗೆ ಸ್ಟ್ಯಾಂಡಿಲ್ಲ ಅಂದ್ರೆ ನನ್ನ ತಮ್ಮ ಬರ್ತಾನೇನೋ ಅಂದ್ರು. ನನ್ನ ನಂಬರು ಕಂಡ್ರೆ ಎತ್ತಲ್ಲ, ನೀವೇ ಮಾಡಿ ಅಂದ್ರು. ಈ ಆಟ ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡಿದ್ರು. ಹೋದೋರ ಮಾತು ಹೇಗೆ ಮುರೀಲಿ ಅಂತ ಸುಮ್ಮನಿದ್ದೆ."

ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಆಮೇಲೆ ಅವರನ್ನ ನೋಡಿದ್ರಾ?" ಎಂದು ನಿಧಾನಿ ಕೇಳಿದ.

"ನೋಡ್ದೆ ಸಾರ್. ಸಂಜೆ ಮನಸ್ಸು ತಡೀಲಿಲ್ಲ. ತಮ್ಮ ಬಂದ್ರೋ ಇಲ್ವೋ ಅಂತ ಎದುರು ಬೀದೀಲಿ ನಿಂತಿದ್ದೆ. ಅವರು ಸ್ಟ್ಯಾಂಡ್ ಹಿಡ್ಕೊಂಡು ಬಂದ್ರು. ಆಗ ಮೇಡಂ ಕಿಟಕೀಲಿ ನಿಂತು ಕೈ ಬೀಸಿದ್ರು. ಹಿಂದೆ ದೀಪ ಇತ್ತು, ಮುಖ ಕಾಣಲಿಲ್ಲ. ಅವರ ಹಸಿರು ಶಾಲು ಹೊದ್ದಿದ್ರು. ತಮ್ಮ ಒಳಗೆ ಹೋದ್ರು. ನನ್ನ ಕೆಲಸ ಆಯ್ತು ಅಂತ ನಾನು ಮನೆಗೆ ಹೋದೆ."

ನಿಧಾನಿ ತಲೆಯೆತ್ತಿ ತಮ್ಮನನ್ನು ನೋಡಿದ. ಇವನು ಮೆಟ್ಟಿಲು ಹತ್ತುವಾಗ ಅಕ್ಕ ಬದುಕಿದ್ದಳು. ಇನ್ಸ್‌ಪೆಕ್ಟರ್ ಕೇಳಿದ ಕಾರಣ ಸಿಕ್ಕಿತ್ತು, ಅದೂ ಎದುರಿಗೇ ಕೂತಿತ್ತು.

"ಕಿಟಕಿ ವಿಷಯ ನೀವು ಹೇಳಲಿಲ್ಲ," ಎಂದ.

"ಹೇಗೆ ಹೇಳ್ಲಿ?" ತಮ್ಮ ಕುರ್ಚಿಯ ಅಂಚಿಗೆ ಸರಿದ. "ಕೆಳಗಿಂದ ನೋಡ್ದಾಗ ಬದುಕಿದ್ಲು ಅಂದ್ರೆ ಮೇಲೆ ಹೋಗಿ ನಾನೇ ಕೊಂದೆ ಅಂತ ಆಗುತ್ತಲ್ಲ. ನಾನೂ ನೋಡ್ದೆ ಸಾರ್. ಅಕ್ಕನ ಸಿಟ್ಟು ಇಳೀತು ಅಂತ ನಾನೂ ಕೈ ಬೀಸ್ದೆ. ಮೆಟ್ಟಿಲು ಓಡಿ ಹತ್ತಿದೆ. ಎಷ್ಟು ಹೊತ್ತು ಬೇಕು ಅದಕ್ಕೆ? ಬಂದು ಬಚ್ಚಲಲ್ಲಿ ಅವಳ ಕೈ ಹಿಡಿದ್ರೆ ತಣ್ಣಗೆ ಕೊರೀತಿತ್ತು. ಬೆರಳು ಮಡಚೋಕೂ ಆಗದಷ್ಟು ಸೆಟೆದಿತ್ತು."

ನಿಧಾನಿ ಕಿಟಕಿಯತ್ತ ನೋಡಿದ; ಮೊನ್ನೆ ಇಡೀ ದಿನ ಬಾಗಿಲಲ್ಲೇ ಇದ್ದೆ ಎಂದಿದ್ದ ಒಡತಿಯ ಮಾತು ನೆನಪಾಯಿತು. ಅಷ್ಟು ಸೆಟೆಯಬೇಕಾದರೆ ಜೀವ ಹೋಗಿ ಗಂಟೆಗಳಾಗಿರಬೇಕು. ಎಷ್ಟೋ ಹೆಣಗಳಿಗೆ ಕಾವಲು ಕೂತಿದ್ದ ನಿಧಾನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫೋನಿನ ಆ ಕಡೆ ಬಡಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ದನಿ ಬಂತು.

"ಸಾರ್, ಹಾಗಾದ್ರೆ ಅವತ್ತು ನಾನು ನಗ್ತಾ ಮನೆಗೆ ಹೋಗಿದ್ದು ಯಾರನ್ನ ನೋಡಿ?"